ಹದಿನೆಂಟು ತುಂಬಿದರೆ ಬುದ್ಧಿಯೂ ತುಂಬುತ್ತದೆಯೇ? ವಯೋಮಿತಿ ಕಾನೂನುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ, ಮದುವೆ, ಮತ, ಸಾಲ, ಸಿಗರೇಟು, ಕೋರ್ಟು: ಒಂದೊಂದಕ್ಕೂ ನಮ್ಮ ಕಾನೂನು ಒಂದೊಂದು ವಯಸ್ಸು ಗೊತ್ತುಮಾಡಿದೆ. ಈ ಅಂಕಿಗಳು ಎಲ್ಲಿಂದ ಬಂದವು, ಯಾರಿಗೆ ಹೇಗೆ ತಟ್ಟುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದೆ. ನಿಮ್ಮದೇ ಪ್ರಕರಣವಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಕ್ಕಳಿಗೂ ಮಹಿಳೆಯರಿಗೂ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.

18 ತುಂಬುವುದು ನಿಖರವಾಗಿ ಯಾವಾಗ?

ಹುಟ್ಟಿದ ಗಳಿಗೆಗೆ ಇಲ್ಲಿ ಬೆಲೆಯಿಲ್ಲ. 1875ರ ಭಾರತೀಯ ಪ್ರಾಪ್ತವಯಸ್ಕತೆ ಕಾಯ್ದೆಯ ಸೆಕ್ಷನ್ 3ರ ಪ್ರಕಾರ ಹುಟ್ಟಿದ ದಿನವನ್ನು ಪೂರ್ತಿ ಒಂದು ದಿನವೆಂದು ಎಣಿಸಬೇಕು, ಹದಿನೆಂಟನೆಯ ವಾರ್ಷಿಕ ದಿನ ಶುರುವಾಗುತ್ತಿದ್ದಂತೆ ವ್ಯಕ್ತಿ ಪ್ರಾಪ್ತವಯಸ್ಕ. 2008ರ ಜೂನ್ 10ರ ರಾತ್ರಿ 11ಕ್ಕೆ ಹುಟ್ಟಿದ ಹುಡುಗಿ 2026ರ ಜೂನ್ 9 ಮುಗಿದು ಮಧ್ಯರಾತ್ರಿ ದಾಟಿದ ಕೂಡಲೇ ಮೇಜರ್. ಆ ಹಿಂದಿನ ನಿಮಿಷಕ್ಕೂ ಮುಂದಿನ ನಿಮಿಷಕ್ಕೂ ಅವಳ ತಲೆಯಲ್ಲಿ ಏನೂ ಬದಲಾಗಿರುವುದಿಲ್ಲ. ಕಾನೂನಿಗೂ ಅದು ಗೊತ್ತು.

ಹಾಗಾದರೆ ಒಂದು ಗೆರೆ ಸಾಲದೇ? ಇಷ್ಟೊಂದು ವಯಸ್ಸುಗಳೇಕೆ?

ಒಂದೊಂದು ಗೆರೆ ಒಂದೊಂದು ಕೆಲಸ ಮಾಡುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. 7ರಿಂದ 12ರ ನಡುವೆ, ಮಗುವಿಗೆ ತಾನು ಮಾಡಿದ್ದು ಏನೆಂದು ತಿಳಿಯುವಷ್ಟು ಬುದ್ಧಿ ಬಲಿತಿರಲಿಲ್ಲ ಎಂದಾದರೆ ಅಪರಾಧವಲ್ಲ. 10 ದಾಟಿದ ಮಗು ಬ್ಯಾಂಕಿನ ಉಳಿತಾಯ ಖಾತೆಯನ್ನು ತಾನೇ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೇಳಿತು. 14ರವರೆಗೆ ದುಡಿಮೆಗೆ ಹಚ್ಚುವಂತಿಲ್ಲ, 14ರಿಂದ 18ರವರೆಗೆ ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಕಾರು, ಬೈಕು, ಮತ, ಕರಾರು 18ಕ್ಕೆ. ಸಾರಿಗೆ ವಾಹನದ ಲೈಸೆನ್ಸಿಗೆ 20. ಗಂಡಿನ ಮದುವೆಗೂ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುವುದಕ್ಕೂ 21. ವಿಧಾನಸಭೆ, ಲೋಕಸಭೆಗೆ 25, ವಿಧಾನ ಪರಿಷತ್ತು, ರಾಜ್ಯಸಭೆಗೆ 30, ರಾಷ್ಟ್ರಪತಿಯಾಗಲು 35.

ಇವನ್ನು ಎರಡು ಗುಂಪು ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಕೆಲವು ಗೆರೆಗಳು ಮಗುವಿಗೆ ಕೊಡೆ ಹಿಡಿಯುತ್ತವೆ: ದುಡಿಮೆ, ಲೈಂಗಿಕ ಶೋಷಣೆ, ಸಾಲ ಕೊಡುವವರಿಂದ ರಕ್ಷಣೆ. ಇನ್ನು ಕೆಲವು ಬಾಗಿಲು ತೆರೆಯುತ್ತವೆ: ಮತ, ಲೈಸೆನ್ಸು, ಮದುವೆ. ಕೊಡೆಯನ್ನು ಬೇಗ ಮಡಚಿದರೂ ಅನ್ಯಾಯ, ಬಾಗಿಲನ್ನು ತಡವಾಗಿ ತೆರೆದರೂ ಅನ್ಯಾಯ. ಒಂದೇ ಅಂಕಿಯಿಂದ ಎರಡನ್ನೂ ಸಾಧಿಸಲು ಹೊರಟಲ್ಲೇ ಎಡವಟ್ಟು ಹೆಚ್ಚು.

18 ಎಂಬ ಅಂಕಿ ವಿಜ್ಞಾನ ನೋಡಿ ಇಟ್ಟದ್ದೇ?

ಅಲ್ಲ. 1875ರಲ್ಲಿ ಮೆದುಳಿನ ಚಿತ್ರ ತೆಗೆಯುವ ಯಂತ್ರವಿರಲಿಲ್ಲ. ಅಷ್ಟೇ ಏಕೆ, ಕೋರ್ಟು ಪೋಷಕರನ್ನು ನೇಮಿಸಿದ ಮಕ್ಕಳಿಗೆ ಅದೇ ಕಾಯ್ದೆ 21 ಎನ್ನುತ್ತಿತ್ತು. ಆ ವ್ಯತ್ಯಾಸ ಹೋದದ್ದು 1999ರ ತಿದ್ದುಪಡಿಯಲ್ಲಿ. ಮತದಾನಕ್ಕೆ 21 ಇದ್ದದ್ದನ್ನು ಸಂವಿಧಾನದ 61ನೇ ತಿದ್ದುಪಡಿ 18ಕ್ಕೆ ಇಳಿಸಿತು, ಅದು ಜಾರಿಯಾದದ್ದು 1989ರ ಮಾರ್ಚ್ 28ರಂದು. ತಪ್ಪು ಮಾಡಿದ ಮಕ್ಕಳನ್ನು ದೊಡ್ಡವರಿಂದ ಬೇರೆಯಾಗಿ ನೋಡುವ 1986ರ ಬಾಲನ್ಯಾಯ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಇತ್ತು, 2000ದಲ್ಲಿ ಇಬ್ಬರಿಗೂ 18 ಆಯಿತು.

ಮದುವೆಯ ಗೆರೆ ಎಷ್ಟು ಸರಿದಿದೆ ನೋಡಿ. ಮೈಸೂರು ಸಂಸ್ಥಾನ 1894ರಲ್ಲೇ ಶಿಶುವಿವಾಹ ತಡೆ ಕಾನೂನು ತಂದಿತು. ಅದು ನಿಷೇಧಿಸಿದ್ದು 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಜೊತೆಗೆ 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನು. ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ, ಆ ಕಾಲಕ್ಕೆ ಅದೇ ಸುಧಾರಣೆ. 1929ರ ಶಾರದಾ ಕಾಯ್ದೆ ಹೆಣ್ಣಿಗೆ 14, ಗಂಡಿಗೆ 18 ಎಂದಿತು. 18 ಮತ್ತು 21 ಆದದ್ದು 1978ರಲ್ಲಿ. ಎಂಬತ್ತನಾಲ್ಕು ವರ್ಷಗಳಲ್ಲಿ ಹೆಣ್ಣುಮಕ್ಕಳು ಹತ್ತು ವರ್ಷ ತಡವಾಗಿ ಬಲಿಯತೊಡಗಲಿಲ್ಲ. ಅವರಿಂದ ಏನನ್ನು ಕಸಿಯಬಾರದು ಎಂಬ ಸಮಾಜದ ತಿಳಿವಳಿಕೆ ಬದಲಾಯಿತು.

ಹದಿಹರೆಯದವರ ಮೆದುಳಿನ ಬಗ್ಗೆ ಸಂಶೋಧನೆ ಏನು ಹೇಳುತ್ತದೆ?

ಬಲಿಯುವುದರಲ್ಲಿ ಎರಡು ಬಗೆ ಇವೆ, ಎರಡೂ ಒಟ್ಟಿಗೆ ಬರುವುದಿಲ್ಲ ಎನ್ನುತ್ತದೆ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 11 ದೇಶಗಳಲ್ಲಿ, ಭಾರತವೂ ಸೇರಿ, 10ರಿಂದ 30 ವಯಸ್ಸಿನ 5,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸಮಾಧಾನವಾಗಿ ಕುಳಿತು ತರ್ಕಿಸುವುದು, ನೆನಪಿಟ್ಟುಕೊಳ್ಳುವುದು, ಸಾಧಕ ಬಾಧಕ ತೂಗುವುದು ಸುಮಾರು 16ಕ್ಕೆ ದೊಡ್ಡವರ ಮಟ್ಟ ಮುಟ್ಟುತ್ತದೆ. ಸಿಟ್ಟು, ಆಸೆ, ಗೆಳೆಯರ ಕುಮ್ಮಕ್ಕು ಇದ್ದಾಗ ಕೈ ತಡೆದುಕೊಳ್ಳುವ ಶಕ್ತಿ ಮಾತ್ರ 18 ದಾಟಿ, ಇಪ್ಪತ್ತರ ಆಚೆಗೂ ಬೆಳೆಯುತ್ತಲೇ ಇರುತ್ತದೆ. ಕಾರು ಓಡಿಸುವ ಆಟವೊಂದನ್ನು ಬಳಸಿ 2005ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಂಟಿಯಾಗಿದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಮೀಸೆ ಬಂದವನಿಗೆ ದೇಶ ಕಾಣದು ಎಂಬ ಗಾದೆಗೆ ಪ್ರಯೋಗಾಲಯದ ಮುದ್ರೆ ಬಿದ್ದಂತಾಯಿತು.

ಇದರಿಂದ ಕಾನೂನಿಗೆ ಸಿಗುವ ಪಾಠ ಸರಳ. ನಿಧಾನವಾಗಿ ಯೋಚಿಸಿ ಮಾಡುವ ಕೆಲಸಗಳಿಗೆ, ಅಂದರೆ ಮತ ಹಾಕುವುದು, ಚಿಕಿತ್ಸೆಗೆ ಒಪ್ಪುವುದು, ಕೋರ್ಟಿನಲ್ಲಿ ತನ್ನ ಇಷ್ಟ ಹೇಳುವುದಕ್ಕೆ, 16ರವರನ್ನು ನಂಬಬಹುದು. ಆಸ್ಟ್ರಿಯಾ 2007ರಿಂದ 16ಕ್ಕೇ ಮತದ ಹಕ್ಕು ಕೊಟ್ಟಿದೆ. ನೆತ್ತಿ ಬಿಸಿಯಾದಾಗ ನಡೆದುಹೋಗುವ ಸಂಗತಿಗಳಲ್ಲಿ 18ರವನನ್ನೂ ನಲವತ್ತರವನ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

25ಕ್ಕೆ ಮೆದುಳು ಪೂರ್ತಿ ಬಲಿಯುತ್ತದಂತೆ, ನಿಜವೇ?

25 ಎಂಬಲ್ಲಿ ಯಾವ ಗೆರೆಯೂ ಇಲ್ಲ. ಮೆದುಳಿನ ಬೇರೆ ಬೇರೆ ಭಾಗ ಬೇರೆ ಬೇರೆ ವೇಗದಲ್ಲಿ ಬದಲಾಗುತ್ತದೆ, ಬದಲಾವಣೆ 25ರ ಹುಟ್ಟುಹಬ್ಬಕ್ಕೆ ನಿಲ್ಲುವುದೂ ಇಲ್ಲ. ಒಬ್ಬೊಬ್ಬರ ನಡುವಿನ ಅಂತರವೂ ದೊಡ್ಡದು. ಹಾಗಾಗಿ ಸ್ಕ್ಯಾನ್ ನೋಡಿ ‘ಈ ಹುಡುಗ ಪ್ರೌಢ, ಇವನು ಅಲ್ಲ’ ಎಂದು ಯಾವ ವೈದ್ಯರೂ ಹೇಳಲಾರರು.

ವಯಸ್ಸು ಬಿಟ್ಟು ಪ್ರೌಢತೆಯನ್ನೇ ಅಳೆದರೆ ಆಗದೇ?

ಕೇಳಲು ನ್ಯಾಯವಾಗಿಯೇ ಇದೆ. ಕೆಲವೆಡೆ ಕಾನೂನು ಹಾಗೆ ಮಾಡುತ್ತಲೂ ಇದೆ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ ಸೆಕ್ಷನ್ 17ರಲ್ಲಿ, ಮಗು ತಿಳಿದು ಆಯ್ಕೆ ಮಾಡುವಷ್ಟು ದೊಡ್ಡದಾಗಿದ್ದರೆ ಯಾರ ಬಳಿ ಇರಬೇಕೆಂಬ ಅದರ ಇಷ್ಟವನ್ನು ಕೋರ್ಟು ಪರಿಗಣಿಸಬಹುದು. ಅಲ್ಲಿ ಅಂಕಿಯೇ ಇಲ್ಲ. ಬ್ರಿಟನ್ನಿನಲ್ಲಿ 1985ರ ಗಿಲಿಕ್ ತೀರ್ಪಿನ ನಂತರ, ಚಿಕಿತ್ಸೆಯ ಸ್ವರೂಪ ಪೂರ್ತಿ ಅರ್ಥವಾದರೆ 16ರೊಳಗಿನ ಮಗುವೂ ತಾನೇ ಒಪ್ಪಿಗೆ ಕೊಡಬಹುದು.

ಇವೆರಡರಲ್ಲೂ ಅಳತೆ ಮಗುವಿನ ಪರವಾಗಿದೆ, ಅಳೆಯುವವರು ಎದುರಿಗೆ ಕುಳಿತು ಮಾತನಾಡುತ್ತಾರೆ, ತಪ್ಪಾದರೂ ತಿದ್ದಿಕೊಳ್ಳಬಹುದು. ಎಲ್ಲದಕ್ಕೂ ಇದನ್ನೇ ತಂದರೆ? ಲೈಸೆನ್ಸಿಗೆ ಬಂದವರ, ಮತಗಟ್ಟೆಗೆ ಬಂದವರ ಪ್ರೌಢತೆಯನ್ನು ಯಾರೋ ಅಧಿಕಾರಿ ತೀರ್ಮಾನಿಸಬೇಕು. ಆಗ ಇಂಗ್ಲಿಷ್ ಬಲ್ಲ, ಕುರ್ಚಿಯಲ್ಲಿ ನೆಟ್ಟಗೆ ಕೂತು ಉತ್ತರಿಸುವ ಪೇಟೆ ಹುಡುಗ ಪ್ರೌಢ, ತಲೆ ತಗ್ಗಿಸಿ ನಿಂತ ಹಳ್ಳಿ ಹುಡುಗಿ ಅಪ್ರೌಢೆ. ಅಂಕಿ ಒರಟು, ಆದರೆ ಲಂಚ ಕೇಳುವುದಿಲ್ಲ, ಜಾತಿ ನೋಡುವುದಿಲ್ಲ. ವಯೋಮಿತಿಯ ಪರ ಇರುವ ಅತಿ ಗಟ್ಟಿ ವಾದ ಇದೇ.

16ರಿಂದ 18ರ ಹುಡುಗನನ್ನು ದೊಡ್ಡವನಂತೆ ವಿಚಾರಣೆ ಮಾಡುತ್ತಾರಂತೆ. ಅದನ್ನು ಹೇಗೆ ನಿರ್ಧರಿಸುತ್ತಾರೆ?

ನಮ್ಮ ಕಾನೂನು ಪ್ರೌಢತೆಯನ್ನು ನೇರವಾಗಿ ಅಳೆಯಲು ಹೊರಟ ದೊಡ್ಡ ಪ್ರಯತ್ನ ಇದು. 2012ರ ದೆಹಲಿ ಅತ್ಯಾಚಾರ ಪ್ರಕರಣದ ಒಬ್ಬ ಆರೋಪಿಗೆ 18 ತುಂಬಲು ಕೆಲವು ತಿಂಗಳು ಬಾಕಿಯಿತ್ತು. ಅವನಿಗೆ ಸಿಕ್ಕಿದ್ದು ಮೂರು ವರ್ಷ ವಿಶೇಷ ಗೃಹ. ಆ ಸಿಟ್ಟಿನಲ್ಲಿ ಹುಟ್ಟಿದ 2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 15ರ ಹೆಸರು ‘ಪ್ರಾಥಮಿಕ ಮೌಲ್ಯಮಾಪನ’. ನಡೆಯುವ ಕ್ರಮ ಹೀಗೆ:

ಹುಡುಗನನ್ನು ಪೊಲೀಸರು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮೊದಲು ಘಟನೆ ನಡೆದ ದಿನ ಅವನ ವಯಸ್ಸು ಎಷ್ಟಿತ್ತು ಎಂಬುದು ಇತ್ಯರ್ಥವಾಗಬೇಕು. ಸಿಕ್ಕಿಬಿದ್ದ ದಿನದ ವಯಸ್ಸು ಲೆಕ್ಕಕ್ಕಿಲ್ಲ. ಆಮೇಲೆ ಅಪರಾಧ ‘ಘೋರ’ವೇ ಎಂದು ನೋಡಬೇಕು. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇದ್ದರೆ ಮಾತ್ರ ಘೋರ. ಗರಿಷ್ಠ ಶಿಕ್ಷೆ ದೊಡ್ಡದಿದ್ದು ಕನಿಷ್ಠ ಗೊತ್ತುಮಾಡಿರದ ಅಪರಾಧ ಈ ಗುಂಪಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಮನೆ, ಶಾಲೆ, ಓಣಿ ವಿಚಾರಿಸಿ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ನಂತರ ಮಂಡಳಿ ನಾಲ್ಕು ಸಂಗತಿ ನೋಡುತ್ತದೆ: ಅಪರಾಧ ಮಾಡುವ ಮಾನಸಿಕ ಸಾಮರ್ಥ್ಯ, ದೈಹಿಕ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ, ಘಟನೆ ನಡೆಯಿತೆನ್ನಲಾದ ಸಂದರ್ಭ. ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯಶಾಸ್ತ್ರ ಓದಿ ವೃತ್ತಿಯಲ್ಲಿರುವವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಇಷ್ಟೂ ಮೂರು ತಿಂಗಳಲ್ಲಿ ಮುಗಿಯಬೇಕು. ಆದರೆ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ 2024ರ ಮೇ ತಿಂಗಳಲ್ಲಿ ಅದೇ ಕೋರ್ಟು, ಈ ಗಡುವು ಮೀರಿದ ಮಾತ್ರಕ್ಕೆ ಪ್ರಕ್ರಿಯೆ ಬಿದ್ದುಹೋಗದು ಎಂದಿತು. ಆದೇಶದ ವಿರುದ್ಧ ಮೇಲ್ಮನವಿಗೆ 30 ದಿನ.

ಆ ಮೌಲ್ಯಮಾಪನದಲ್ಲಿ ಎಡವುವುದೆಲ್ಲಿ?

ಬುಡದಲ್ಲೇ. ಆರೋಪ ಇನ್ನೂ ಸಾಬೀತಾಗಿಲ್ಲ, ಆದರೂ ‘ನೀನು ಅದನ್ನು ಮಾಡಿದಾಗ ಪರಿಣಾಮ ಗೊತ್ತಿತ್ತೇ’ ಎಂದು ಕೇಳಬೇಕು. ‘ನಾನು ಮಾಡೇ ಇಲ್ಲ’ ಎನ್ನುವವನಲ್ಲಿ ಏನನ್ನು ಅಳೆಯುವುದು? ಒಪ್ಪಿಕೊಂಡು ಮಾತಾಡಿದವನ ಮಾತೇ ವರದಿಯಲ್ಲಿ ತಪ್ಪೊಪ್ಪಿಗೆಯ ಹಾಗೆ ಕೂತುಬಿಡುತ್ತದೆ. ವಕೀಲರು ಮೊದಲು ಕಣ್ಣಿಡಬೇಕಾದದ್ದು ಇಲ್ಲಿ.

ಎರಡನೆಯದು ಐಕ್ಯೂ. ಅಂಕ ಚೆನ್ನಾಗಿದೆ, ಆದ್ದರಿಂದ ಪ್ರೌಢ ಎಂದು ಬರೆದುಬಿಡುವುದು ಸುಲಭ. ಮೇಲೆ ಹೇಳಿದ ಸಂಶೋಧನೆ ನೆನಪಿಸಿಕೊಳ್ಳಿ: ಲೆಕ್ಕ ಬಿಡಿಸುವ ಬುದ್ಧಿ 16ಕ್ಕೆ ಬಂದಿರುತ್ತದೆ, ತಡೆದುಕೊಳ್ಳುವ ಬುದ್ಧಿ ಬಂದಿರುವುದಿಲ್ಲ. ಐಕ್ಯೂ ಅಳೆಯುವುದು ಮೊದಲನೆಯದನ್ನು. ಅದರಲ್ಲೂ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾಲಿನ್ ಪರೀಕ್ಷೆ ರೂಪುಗೊಂಡದ್ದು 6ರಿಂದ 15 ವರ್ಷದ ಮಕ್ಕಳಿಗಾಗಿ. 17ರವನ ಕೈಗೆ ಅದನ್ನು ಕೊಟ್ಟರೆ ಬರುವ ಅಂಕಕ್ಕೆ ಅರ್ಥವಿಲ್ಲ. ಯಾವ ಪರೀಕ್ಷೆ, ಯಾವ ವಯೋಮಾನಕ್ಕೆ, ಯಾವ ಭಾಷೆಯಲ್ಲಿ ಎಂಬ ಮೂರು ಪ್ರಶ್ನೆ ಕೇಳದೆ ವರದಿ ಒಪ್ಪಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಈ ಮೌಲ್ಯಮಾಪನಕ್ಕೆಂದೇ ನಮೂನೆ ಸಿದ್ಧಪಡಿಸಿದೆ. ಅದು ಕುಟುಂಬ, ಶಾಲೆ, ಆಘಾತ, ವ್ಯಸನ, ಸಹವಾಸ ಎಲ್ಲವನ್ನೂ ವಿಚಾರಿಸುತ್ತದೆ.

ಮೂರನೆಯದು ದೈಹಿಕ ಸಾಮರ್ಥ್ಯ. ಎತ್ತರ, ತೂಕ ಬರೆದು ‘ಸಮರ್ಥ’ ಎಂದು ಷರಾ ಹಾಕಿದರೆ ಪ್ರೌಢತೆಯ ಬಗ್ಗೆ ಏನೂ ತಿಳಿದಂತಾಗಲಿಲ್ಲ. ನಾಲ್ಕನೆಯದು ತಡ. 17ರಲ್ಲಿ ನಡೆದದ್ದಕ್ಕೆ 19ರಲ್ಲಿ ಅಳೆದರೆ ಸಿಗುವುದು 19ರ ಮನಸ್ಸು.

ಜರ್ಮನಿಯಲ್ಲಿ ಅಳತೆ ಮೇಲಿನಿಂದ ಕೆಳಕ್ಕೆ ಬರುತ್ತದೆ: 18ರಿಂದ 20ರವರೆಗಿನವರು ಬೆಳವಣಿಗೆಯಲ್ಲಿ ಇನ್ನೂ ಹುಡುಗರ ಹಾಗಿದ್ದರೆ ಅವರಿಗೂ ಕಿಶೋರರ ಕಾನೂನೇ ಅನ್ವಯಿಸಬಹುದು. ನಾವು ಅದನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿದ್ದೇವೆ. ಸಂಶೋಧನೆ ಎರಡರಲ್ಲಿ ಯಾವುದರ ಕಡೆಗಿದೆ ಎಂಬುದರಲ್ಲಿ ಹೆಚ್ಚು ಅನುಮಾನವಿಲ್ಲ.

ದೊಡ್ಡವನೆಂದು ತೀರ್ಮಾನವಾದರೆ ನೇರ ಜೈಲೇ?

ಅಲ್ಲ. ಮಕ್ಕಳ ನ್ಯಾಯಾಲಯ ಮತ್ತೊಮ್ಮೆ ತಾನೇ ಪರಿಶೀಲಿಸಬೇಕು. ಶಿಕ್ಷೆಯಾದರೂ 21ರವರೆಗೆ ಸುರಕ್ಷಾ ಸ್ಥಳದಲ್ಲೇ ಇರಿಸಬೇಕು. 21ಕ್ಕೆ ಅವನು ಎಷ್ಟು ತಿದ್ದಿಕೊಂಡಿದ್ದಾನೆ ಎಂದು ನೋಡಿ ಬಿಡಬಹುದು, ಇಲ್ಲವೇ ಉಳಿದ ಅವಧಿಗೆ ಜೈಲಿಗೆ ಕಳಿಸಬಹುದು. ಗಲ್ಲಾಗಲಿ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯಾಗಲಿ ವಿಧಿಸುವಂತಿಲ್ಲ. ಹೆಸರು, ಫೋಟೊ, ಶಾಲೆ ಯಾವುದನ್ನೂ ಪತ್ರಿಕೆಯಲ್ಲೂ ವಾಟ್ಸ್ಆ್ಯಪ್‌ನಲ್ಲೂ ಹಾಕುವಂತಿಲ್ಲ.

17ರ ಹುಡುಗ, 17ರ ಹುಡುಗಿ ಪ್ರೀತಿಸಿ ಓಡಿಹೋದರೆ?

ಇಡೀ ವಿಷಯದಲ್ಲಿ ಗೆರೆ ಅತಿ ಹೆಚ್ಚು ಗಾಯ ಮಾಡುವುದು ಇಲ್ಲಿ. ಲೈಂಗಿಕ ಸಂಬಂಧಕ್ಕೆ ಒಪ್ಪಿಗೆಯ ವಯಸ್ಸು 2012ರವರೆಗೆ 16 ಇತ್ತು. ಅದೇ ವರ್ಷ ನವೆಂಬರ್ 14ರಂದು ಜಾರಿಗೆ ಬಂದ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 18ರೊಳಗಿನ ಯಾರ ಒಪ್ಪಿಗೆಯನ್ನೂ ಒಪ್ಪಿಗೆಯೆಂದು ಕಾಣುವುದಿಲ್ಲ. ಹುಡುಗಿಯ ಮನೆಯವರು ಕಾಣೆಯಾದ ದೂರು ಕೊಡುತ್ತಾರೆ, ಜೋಡಿ ಸಿಗುತ್ತದೆ, ವೈದ್ಯಕೀಯ ಪರೀಕ್ಷೆಯಾಗುತ್ತದೆ, ಅಪಹರಣದ ಜೊತೆ ಪೋಕ್ಸೊ ಸೇರುತ್ತದೆ. 2019ರ ತಿದ್ದುಪಡಿಯ ನಂತರ ಸೆಕ್ಷನ್ 4ರ ಕನಿಷ್ಠ ಶಿಕ್ಷೆ 10 ವರ್ಷ, ಸಂತ್ರಸ್ತೆ 16ರೊಳಗಿದ್ದರೆ 20 ವರ್ಷ. ಇದಕ್ಕಿಂತ ಕಡಿಮೆ ಕೊಡಲು ನ್ಯಾಯಾಧೀಶರ ಕೈಯಲ್ಲಿ ಅಧಿಕಾರವಿಲ್ಲ.

ಈಗ ಗಂಟು ನೋಡಿ. ಕನಿಷ್ಠ 10 ವರ್ಷ ಎಂದರೆ ಅದು ‘ಘೋರ ಅಪರಾಧ’. ಹಾಗಾಗಿ ಆ 17ರ ಹುಡುಗ ಸೆಕ್ಷನ್ 15ರ ಮೌಲ್ಯಮಾಪನಕ್ಕೆ ಹೋಗುತ್ತಾನೆ. ಹುಡುಗಿಗೆ ಪರಿಣಾಮ ಅರಿಯುವ ಶಕ್ತಿ ಇರಲು ಸಾಧ್ಯವೇ ಇಲ್ಲ ಎನ್ನುವ ಕಾನೂನು, ಅದೇ ಸಂಗತಿಯಲ್ಲಿ, ಅದೇ ವಯಸ್ಸಿನ ಹುಡುಗನಿಗೆ ಆ ಶಕ್ತಿ ಇತ್ತೇ ಎಂದು ವಿಚಾರಿಸುತ್ತದೆ.

ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಇಂಥ ಪ್ರಕರಣಗಳನ್ನು ನೋಡಿ, 16 ದಾಟಿದವರ ವಿಷಯದಲ್ಲಿ ವಯಸ್ಸಿನ ಮಾನದಂಡವನ್ನು ಮರುಚಿಂತಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. 9ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಸಿಕೊಡಿ ಎಂದೂ ಸೂಚಿಸಿತು. ಆಯೋಗ 2023ರ ಸೆಪ್ಟೆಂಬರ್‌ನ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು, 16ರಿಂದ 18ರ ನಡುವೆ ಹುಡುಗಿಯ ಮೌನ ಸಮ್ಮತಿ ಕಾಣುವಲ್ಲಿ ನ್ಯಾಯಾಧೀಶರಿಗೆ ಶಿಕ್ಷೆ ಇಳಿಸುವ ವಿವೇಚನೆ ಇರಲಿ ಎಂದಿತು. ವಯಸ್ಸು ಇಳಿಸಬಾರದು ಎನ್ನುವವರ ಭಯಕ್ಕೂ ಆಧಾರವಿದೆ: ಗೆರೆ 16ಕ್ಕೆ ಬಂದರೆ ಮಲತಂದೆ, ಮೇಷ್ಟ್ರು, ಮಾಲೀಕ ಎಲ್ಲರೂ ‘ಅವಳೇ ಒಪ್ಪಿದ್ದಳು’ ಎನ್ನಬಹುದು. ಅದಕ್ಕೆ 18ರ ಗೆರೆಯನ್ನು ಹಾಗೇ ಇಟ್ಟು, ಇಬ್ಬರ ವಯಸ್ಸೂ ಹತ್ತಿರವಿದ್ದು ಅಧಿಕಾರದ ಸಂಬಂಧವಿಲ್ಲದಿದ್ದರೆ ವಿನಾಯಿತಿ ಕೊಡುವ ದಾರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಸದ್ಯಕ್ಕೆ ತಂದೆತಾಯಿಗಳಿಗೆ ಒಂದು ಮಾತು. ಹುಡುಗನಿಗೆ ಬುದ್ಧಿ ಕಲಿಸಲೆಂದು ಕೊಟ್ಟ ದೂರನ್ನು ಆಮೇಲೆ ರಾಜಿ ಮಾಡಿಕೊಂಡು ಹಿಂಪಡೆಯಬಹುದು ಎಂದುಕೊಳ್ಳಬೇಡಿ. ಪೋಕ್ಸೊ ರಾಜಿಯಾಗುವ ಅಪರಾಧವಲ್ಲ.

ಗಂಡಿಗೆ 21, ಹೆಣ್ಣಿಗೆ 18 ಏಕೆ?

ಗಂಡ ದೊಡ್ಡವನಿರಬೇಕು ಎಂಬ ರೂಢಿಯ ಹೊರತು ಸರಿಯಾದ ಕಾರಣ ಯಾರೂ ಕೊಟ್ಟಿಲ್ಲ. ಇಬ್ಬರಿಗೂ 18 ಮಾಡಿ ಎಂದು ಕಾನೂನು ಆಯೋಗ 2008ರಲ್ಲಿ ಹೇಳಿತ್ತು. ಇಬ್ಬರಿಗೂ 21 ಮಾಡಲು 2021ರಲ್ಲಿ ಮಂಡಿಸಿದ ಮಸೂದೆ, ಲೋಕಸಭೆ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಹಾಗಾಗಿ 19ರ ಯುವಕ ಸರ್ಕಾರವನ್ನು ಆರಿಸಬಹುದು, ಸಂಗಾತಿಯನ್ನು ವಿಧಿವತ್ತಾಗಿ ಆರಿಸುವಂತಿಲ್ಲ. ಇಬ್ಬರೂ 18 ದಾಟಿದ್ದರೆ, ಗಂಡಿಗೆ 21 ಆಗದಿದ್ದರೂ, ಜೊತೆಗೆ ಬಾಳಲು ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಕೇರಳದ ಪ್ರಕರಣದಲ್ಲಿ ಹೇಳಿದೆ.

ಕರ್ನಾಟಕದವರು ತಿಳಿದಿರಲೇಬೇಕಾದ್ದು: ದೇಶದ ಬಹುತೇಕ ಕಡೆ ಬಾಲ್ಯವಿವಾಹವನ್ನು ರದ್ದುಪಡಿಸಲು ಆ ವ್ಯಕ್ತಿ ಕೋರ್ಟಿಗೆ ಹೋಗಬೇಕು. ನಮ್ಮಲ್ಲಿ ರಾಜ್ಯ ತಿದ್ದುಪಡಿಯಿಂದಾಗಿ ಅದು ಮೊದಲಿಂದಲೇ ಅಸಿಂಧು. ಮದುವೆ ಇನ್ನೂ ನಡೆದಿಲ್ಲವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೆ ತಿಳಿಸಿ. ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಲು ಒಂದು ದಿನ ಸಿಕ್ಕರೂ ಸಾಕಾಗಬಹುದು. ಛತ್ರದ ಹೆಸರು, ಮುಹೂರ್ತ, ಹುಡುಗಿ ಓದಿದ ಶಾಲೆ, ಈ ಮೂರು ಹೇಳಿದರೆ ಅಧಿಕಾರಿಗಳ ಕೆಲಸ ಅರ್ಧ ಮುಗಿಯುತ್ತದೆ.

ಮಗ ಇನ್ನೂ 17, ಸ್ಕೂಟರ್ ಚೆನ್ನಾಗಿ ಓಡಿಸುತ್ತಾನೆ. ಕೊಟ್ಟರೆ ಏನಾಗುತ್ತದೆ?

ಓಡಿಸುವ ಕೈಚಳಕಕ್ಕೂ ರಸ್ತೆಯಲ್ಲಿ ತಾಳ್ಮೆಗೂ ಸಂಬಂಧವಿಲ್ಲ ಎಂಬುದನ್ನು ಮೇಲಿನ ಕಾರಿನ ಆಟದಲ್ಲೇ ನೋಡಿದಿರಿ. ಕಾನೂನಂತೂ ಇಲ್ಲಿ ನಿಮ್ಮ ಕೊರಳಿಗೇ ಬರುತ್ತದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 199ಎ ಪ್ರಕಾರ ಅಪ್ರಾಪ್ತನ ಅಪರಾಧಕ್ಕೆ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ನಿಮಗೆ ಗೊತ್ತಿಲ್ಲದೆ ತೆಗೆದುಕೊಂಡು ಹೋಗಿದ್ದ ಎಂಬುದನ್ನು ನೀವೇ ರುಜುವಾತು ಮಾಡಬೇಕು. ಕೀ ಟಿವಿ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದರೆ ಅದು ಕಷ್ಟ.

16ಕ್ಕೆ ಪೋಷಕರ ಒಪ್ಪಿಗೆಯೊಂದಿಗೆ 50 ಸಿಸಿವರೆಗಿನ ಗಾಡಿಗೆ ಲೈಸೆನ್ಸ್ ಕೊಡುವ ನಿಯಮ ಇನ್ನೂ ಪುಸ್ತಕದಲ್ಲಿದೆ, ಅಂಥ ಪೆಟ್ರೋಲ್ ಗಾಡಿ ಶೋರೂಮಿನಲ್ಲಿ ಸಿಗುವುದು ಕಷ್ಟ. ಇನ್ನೊಂದು ಕಡೆ, 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಸ್ಕೂಟರ್ ಮೋಟಾರು ವಾಹನದ ಲೆಕ್ಕಕ್ಕೇ ಬರುವುದಿಲ್ಲ. ವೇಗದ ಮಿತಿ ತೆಗೆಸಿದರೆ ಈ ವಿನಾಯಿತಿ ಹೋಯಿತು.

ಮದ್ಯ, ಸಿಗರೇಟಿಗೆ ಕರ್ನಾಟಕದಲ್ಲಿ ಎಷ್ಟು?

ಸಿಗರೇಟು, ತಂಬಾಕಿಗೆ 21: ದೇಶದ ಕಾಯ್ದೆಯ 18ನ್ನು ರಾಜ್ಯ ತಿದ್ದುಪಡಿ ಮಾಡಿ ಏರಿಸಿತು, ಅದು 2025ರಲ್ಲಿ ಜಾರಿಗೆ ಬಂತು. ಮದ್ಯದ್ದು ವಿಚಿತ್ರ. 1965ರ ಅಬಕಾರಿ ಕಾಯ್ದೆ 18ರೊಳಗಿನವರಿಗೆ ಮಾರಬಾರದು ಎನ್ನುತ್ತದೆ, 1967ರ ಸನ್ನದು (ಲೈಸೆನ್ಸು) ಷರತ್ತಿನ ನಿಯಮ 21 ಎನ್ನುತ್ತದೆ. 2023ರಲ್ಲಿ ನಿಯಮವನ್ನೂ 18ಕ್ಕೆ ಇಳಿಸಲು ಕರಡು ಹೊರಬಿತ್ತು, ವಿರೋಧ ಬಂದು ಕೈಬಿಟ್ಟರು. ಅಂಗಡಿಯವರು ಪಾಲಿಸುವುದು 21ನ್ನೇ. ಬೆಳಗಾವಿಯ 22ರ ಯುವಕನಿಗೆ ಊರಲ್ಲಿ ವಿಸ್ಕಿ ಕುಡಿಯುವಷ್ಟು ಪ್ರೌಢತೆ ಇದೆ, ಕೊಲ್ಹಾಪುರಕ್ಕೆ ಹೋದರೆ ಇಲ್ಲ, ಅಲ್ಲಿ 25 ಆಗಬೇಕು. ಗೋವಾ ಗಡಿ ದಾಟಿದರೆ ನಾಲ್ಕು ವರ್ಷದ ಹಿಂದೆಯೇ ಬಂದಿತ್ತು.

ಮೈನರ್ ಸಹಿ ಮಾಡಿದ ಪತ್ರ ನಡೆಯುತ್ತದೆಯೇ?

ಇಲ್ಲ. 1903ರಲ್ಲಿ ಮೊಹೋರಿ ಬೀಬಿ ಪ್ರಕರಣದಲ್ಲಿ ಆಗಿನ ಅತ್ಯುನ್ನತ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿದಂತೆ ಅಪ್ರಾಪ್ತರ ಕರಾರು ಮೂಲದಲ್ಲೇ ಶೂನ್ಯ. 18 ಆದಮೇಲೆ ‘ಸರಿ’ ಎಂದು ಒಪ್ಪಿದರೂ ಜೀವ ಬರುವುದಿಲ್ಲ. ಸೈಟು ಕೊಳ್ಳುವವರು ಗಮನಿಸಬೇಕಾದ್ದು: ಹಿಂದೂ ಮೈನರ್‌ನ ಸ್ವಂತ ಹೆಸರಿನ ಸ್ಥಿರಾಸ್ತಿಯನ್ನು ತಂದೆತಾಯಿ ಮಾರಲು ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ಅದಿಲ್ಲದೆ ಕೊಂಡರೆ, ಆ ಮಗು 18 ತುಂಬಿದ ಮೇಲೆ 3 ವರ್ಷದೊಳಗೆ ದಾವೆ ಹೂಡಿ ಕ್ರಯವನ್ನು ರದ್ದು ಮಾಡಿಸಬಹುದು. ಅವಿಭಕ್ತ ಕುಟುಂಬದ ಹಿಸ್ಸೆಯಾಗದ ಆಸ್ತಿಗೆ ನಿಯಮ ಬೇರೆ, ಪತ್ರಗಳನ್ನು ವಕೀಲರಿಗೆ ತೋರಿಸಿ.

ವಯಸ್ಸಿಗೆ ಯಾವ ದಾಖಲೆ ನಡೆಯುತ್ತದೆ?

ಪ್ರೌಢತೆಯ ಮಾತು ಹಾಗಿರಲಿ, ನಮ್ಮಲ್ಲಿ ವಯಸ್ಸೇ ಎಷ್ಟೋ ಸಲ ಅಂದಾಜು. ಹಳೆಯ ತಲೆಮಾರಿನಲ್ಲಿ ಎಷ್ಟೊಂದು ಮಂದಿ ಜೂನ್ 1ಕ್ಕೆ ಹುಟ್ಟಿದ್ದಾರೆ ಗಮನಿಸಿ. ಶಾಲೆ ಶುರುವಾಗುವ ಹೊತ್ತಿಗೆ ಮೇಷ್ಟ್ರು ಮಗುವನ್ನು ನೋಡಿ ಬರೆದುಕೊಂಡ ತಾರೀಖು ಅದು.

ಬಾಲನ್ಯಾಯ ಕಾಯ್ದೆಯ ಸೆಕ್ಷನ್ 94ರಲ್ಲಿ ಕ್ರಮ ಖಚಿತವಾಗಿದೆ. ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ, ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ, ಅದೂ ಆದೇಶದಿಂದ 15 ದಿನದೊಳಗೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಅದು ಗುರುತಿನ ಚೀಟಿ, ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಮಗ ಸಿಕ್ಕಿಬಿದ್ದನೆಂದು ಸ್ಟೇಷನ್ನಿಗೆ ಓಡುವಾಗ ಆಧಾರ್ ಜೊತೆಗೆ ಅಂಕಪಟ್ಟಿ ಅಥವಾ ಶಾಲೆಯ ಜನ್ಮದಿನಾಂಕ ಪತ್ರ ಹಿಡಿದುಕೊಳ್ಳಿ. ಆಗ ಆಗದಿದ್ದರೂ ಚಿಂತೆಯಿಲ್ಲ: ಘಟನೆಯ ದಿನ 18 ಆಗಿರಲಿಲ್ಲ ಎಂಬ ವಾದವನ್ನು ಯಾವ ಹಂತದಲ್ಲಾದರೂ, ತೀರ್ಪು ಬಂದ ಮೇಲೂ, ಎತ್ತಬಹುದು.

ಮೂಳೆ ಪರೀಕ್ಷೆ ಎಷ್ಟು ನಂಬಿಕೆಗೆ ಅರ್ಹ?

ಮಣಿಕಟ್ಟು, ಮೊಣಕೈ, ಸೊಂಟದ ಮೂಳೆಗಳ ತುದಿ ಎಷ್ಟು ಬೆಸೆದಿದೆ ಎಂದು ಎಕ್ಸ್-ರೇಯಲ್ಲಿ ನೋಡುತ್ತಾರೆ. ಎರಡೂ ಕಡೆಗೆ 2 ವರ್ಷ ತಪ್ಪಬಹುದು ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಗುರುತಿಸಿದೆ. ಪೌಷ್ಟಿಕಾಂಶ ಕಡಿಮೆಯಿದ್ದರೆ ಮೂಳೆ ನಿಧಾನ. ಅಂದರೆ ‘17ರಿಂದ 19’ ಎಂಬ ವರದಿ ನಿಮಗೆ ಬೇಕಾದ ಒಂದೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ದಾಖಲೆಯಲ್ಲಿ ತಾರೀಖು ತಪ್ಪಿದ್ದರೆ ತಿದ್ದಿಸಬಹುದೇ?

ಜನನ ನೋಂದಣಿಯೇ ಆಗಿಲ್ಲದಿದ್ದರೆ: 21 ದಿನದೊಳಗೆ ಸುಲಭ, 30 ದಿನದವರೆಗೆ ತಡದ ಶುಲ್ಕ, ಒಂದು ವರ್ಷದವರೆಗೆ ಜಿಲ್ಲಾ ರಿಜಿಸ್ಟ್ರಾರ್ ಅನುಮತಿ, ಅದನ್ನೂ ಮೀರಿದರೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಯ ಆದೇಶ. 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದವರಿಗೆ ಶಾಲೆ, ಲೈಸೆನ್ಸು, ಮತದಾರರ ಪಟ್ಟಿ, ಮದುವೆ ನೋಂದಣಿ ಎಲ್ಲಕ್ಕೂ ಜನ್ಮದಿನಾಂಕದ ಪುರಾವೆ ಈ ಒಂದೇ ಪತ್ರ. ರಾಜ್ಯದ ಜನನ ನೋಂದಣಿ ಜಾಲತಾಣ ಇ-ಜನ್ಮದಲ್ಲಿ ಮಗುವಿನ ಹೆಸರು ಸೇರಿಸುವುದನ್ನು ಮರೆಯಬೇಡಿ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೈಗೆ ಬಂದ ಮೇಲೆ ತಾರೀಖು ಬದಲಿಸಬೇಕೆಂದರೆ ಸಾಮಾನ್ಯವಾಗಿ ಸಿವಿಲ್ ಕೋರ್ಟಿನ ಘೋಷಣೆ ಬೇಕಾಗುತ್ತದೆ. ಸರ್ಕಾರಿ ನೌಕರರಿಗೆ ಗಡುವೂ ಇದೆ: 1974ರ ರಾಜ್ಯ ಕಾಯ್ದೆಯ ಪ್ರಕಾರ ಸೇವಾಪುಸ್ತಕದ ವಯಸ್ಸಿಗೆ ತಕರಾರು ಎತ್ತಲು ಮೂರು ವರ್ಷ, ಆಮೇಲಿಲ್ಲ. ಖರ್ಚಿಲ್ಲದೆ ಸರಿಪಡಿಸಿಕೊಳ್ಳಲು ಸಿಗುವ ಕೊನೆಯ ಅವಕಾಶ, ಪರೀಕ್ಷೆಗೆ ನೋಂದಾಯಿಸುವಾಗ ಹೆಡ್‌ಮೇಷ್ಟ್ರು ನಾಮಿನಲ್ ರೋಲ್ (ಪರೀಕ್ಷೆಗೆ ಕೂರುವವರ ವಿವರಗಳ ಪಟ್ಟಿ) ತೋರಿಸಿ ಸಹಿ ಹಾಕಿಸಿಕೊಳ್ಳುವ ದಿನ. ಆ ದಿನ ಮಗುವಿನ ಕೈಯಲ್ಲಿ ಜನನ ಪ್ರಮಾಣಪತ್ರದ ಪ್ರತಿಯೊಂದನ್ನು ಕೊಟ್ಟು ಕಳಿಸಿ, ಹೆಸರಿನ ಕಾಗುಣಿತದ ಜೊತೆ ತಾರೀಖನ್ನೂ ತಾಳೆ ನೋಡಲು ಹೇಳಿ.